ಬಾಯಿಯವರ ಅರಮನೆಯ ಮುಂಜಾನೆ

ಕಮಲಾಪುರದ ಬಸ್ಸಿನಲ್ಲಿ ಡ್ರೈವರನ ಹಿಂದಿನ ಎರಡನೇ ಸಾಲಿನ ಕಿಟಕಿ ಸೀಟು ಈಗ ನನ್ನದು. ಯಾರ ಜೊತೆಗೂ ಜಗಳವಾಡಿ ಗೆದ್ದದ್ದಲ್ಲ. ಹದಿನಾಲ್ಕು ವರ್ಷ ನನ್ನ ಪಕ್ಕದಲ್ಲಿ ಅಲ್ಲಿ ಕೂತು ಬಂದವರು ಮೊದಲು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಸೀಟು ಖಾಲಿಯಾಯಿತು, ನಾನು ಸರಿದು ಕೂತೆ.

ಬಸ್ಸು ಕಲಬುರಗಿ ದಾಟುವ ಮೊದಲೇ ಅವರಿಗೆ ನಿದ್ದೆ ಹತ್ತುತ್ತಿತ್ತು. ತಲೆ ಮೆಲ್ಲಗೆ ನನ್ನ ಹೆಗಲಿಗೆ ವಾಲುತ್ತಿತ್ತು. ನಾಲ್ಕು ಗಂಟೆಗೆ ಎರೆದುಕೊಂಡ ಕೂದಲು ಎಂಟಕ್ಕೂ ಆರಿರುತ್ತಿರಲಿಲ್ಲ. ಶಾಲೆ ಮುಟ್ಟುವ ಹೊತ್ತಿಗೆ ನನ್ನ ರವಿಕೆಯ ಒಂದು ತೋಳು ಒದ್ದೆ. ಮಹಾಗಾಂವ ಕ್ರಾಸಿನಲ್ಲಿ ನನ್ನ ತವರಿನ ಕಡೆಯವರು ಯಾರಾದರೂ ಹತ್ತಿ ಮಾತಾಡಿಸಲು ಬಂದರೆ ನಾನು ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸುತ್ತಿದ್ದೆ. ಕಮಲಾಪುರದ ಸ್ಟಾಪು ಬಂದಾಗ ಅವರನ್ನು ಎಬ್ಬಿಸುವ ಅಗತ್ಯ ಒಂದು ದಿನವೂ ಬೀಳಲಿಲ್ಲ. ತಾವೇ ಎದ್ದು, ಸೆರಗು ಸರಿಮಾಡಿಕೊಂಡು, ನಿದ್ದೆ ಮಾಡಿದ್ದು ನಾನೇ ಎಂಬಂತೆ ‘ನಡಿ, ಏಳು’ ಎನ್ನುತ್ತಿದ್ದರು.

ನಮ್ಮ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ, ಶಾಲೆಯಲ್ಲಿ ಎಲ್ಲರೂ ಅವರನ್ನು ಬಾಯಿಯವರು ಎಂದೇ ಕರೆಯುತ್ತಿದ್ದರು. ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಾನು ಗಣಿತದವಳು. ಅವರ ಮನೆ ಬ್ರಹ್ಮಪುರದಲ್ಲಿ, ನನ್ನದು ಖೂಬಾ ಪ್ಲಾಟಿನಲ್ಲಿ. ಅವರದು ವೈಷ್ಣವರ ಮನೆತನ, ಮಠದ ಪಂಚಾಂಗ, ಮಡಿ, ಮನೆಯೊಳಗೆ ಅರ್ಧ ಮರಾಠಿ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಹೀಗಾಗಿ ಹದಿನಾಲ್ಕು ವರ್ಷ ಒಂದೇ ಸೀಟು ಹಂಚಿಕೊಂಡರೂ ಒಂದೇ ಡಬ್ಬಿಯಿಂದ ನಾವು ಉಣ್ಣಲಿಲ್ಲ. ಅವರು ನನಗೆ ಕೊಡುತ್ತಿದ್ದರು, ನಾನು ತಿನ್ನುತ್ತಿದ್ದೆ. ನನ್ನಿಂದ ಅವರು ತಗೊಂಡದ್ದು ಹಣ್ಣು ಮಾತ್ರ. ಈ ಬಗ್ಗೆ ನಾನು ಒಂದೆರಡು ಸಲ ಚುಚ್ಚಿ ಮಾತಾಡಿದ್ದೂ ಇದೆ. ಅವರು ನಕ್ಕು, ‘ನಿನ್ನ ಕೈಯಾಂದು ತಿಂದ್ರ ನನಗ ಏನೂ ಆಗೂದಿಲ್ಲವ್ವಾ. ಮನ್ಯಾಗ ಇವ್ರಿಗೆ ಗೊತ್ತಾದ್ರ ಮನಸಿಗೆ ಹತ್ತತದ’ ಎಂದಿದ್ದರು.

ಇವರು ಎಂದರೆ ಅವರ ಯಜಮಾನರು. ಎಲ್ಲರ ಬಾಯಲ್ಲೂ ರಾಯರು. ಕೋರ್ಟಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಬಾಯಿಯವರು ಮಡಿಯಲ್ಲಿ ಮಾಡಿದ ಅಡುಗೆ ಬಿಟ್ಟು ರಾಯರು ಜಗತ್ತಿನಲ್ಲಿ ಬೇರೆ ಏನನ್ನೂ ಉಣ್ಣುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಇಲ್ಲ, ಮದುವೆಯಲ್ಲಿ ಇಲ್ಲ, ಹತ್ತು ಹೆಜ್ಜೆಯಲ್ಲಿದ್ದ ಮಠದಲ್ಲೂ ಇಲ್ಲ. ಹಾಗಾಗಿ ಬಾಯಿಯವರದು ದಿನಾ ನಾಲ್ಕಕ್ಕೆ ಎದ್ದು, ಮಡಿಯುಟ್ಟು, ಎರಡು ಹೊತ್ತಿನ ಅಡುಗೆ ಮುಗಿಸಿ, ನೈವೇದ್ಯಕ್ಕೆ ಎತ್ತಿಟ್ಟು, ಮಡಿ ಬಿಟ್ಟು ಸೀರೆ ಬದಲಿಸಿ ಬಸ್ ಹಿಡಿಯುವುದು. ತಮಗೊಂದು ಚಹಾ ಮಾಡಿಕೊಂಡು ಕುಡಿಯಲು ಅದರಲ್ಲಿ ಜಾಗವಿರಲಿಲ್ಲ. ತಪ್ಪು ಸಿಗಲಿ ಎಂದು ನಾನು ಬಹಳ ಹುಡುಕಿದ್ದೇನೆ, ಆದರೆ ರಾಯರು ಕೆಟ್ಟವರಲ್ಲ. ಹೆಂಡತಿಗೆ ಒಂದು ದಿನ ದನಿ ಎತ್ತಿ ಮಾತಾಡಿದವರಲ್ಲ. ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡು ಏಳುವವರು. ಬರೀ ಆ ಒಲೆಯ ಮುಂದೆ ಅವರಿಗೆ ಬೇರೆ ಯಾರೂ ಬೇಡ.

ಶಾಲೆಯಲ್ಲಿ ಹನ್ನೊಂದಕ್ಕೆ ಚಹಾ ಬರುತ್ತಿತ್ತು. ಜವಾನ ಎಲ್ಲರ ಮುಂದೆ ಗ್ಲಾಸು ಇಟ್ಟು, ಹೊರಗಿನದು ಕುಡಿಯದ ಬಾಯಿಯವರನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಆಗ ಅವರು ನನ್ನ ಗ್ಲಾಸನ್ನು ತಮ್ಮತ್ತ ಎಳೆದುಕೊಂಡು, ಎರಡೂ ಅಂಗೈಯಲ್ಲಿ ಹಿಡಿದು, ಒಂದು ನಿಮಿಷ ಹಾಗೇ ಕೂಡುತ್ತಿದ್ದರು. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರಿಯುತ್ತಿದ್ದರೂ ಹಿಡಿಯುತ್ತಿದ್ದರು. ಆವಿ ಮುಖಕ್ಕೆ ತಾಗುವಷ್ಟು ಬಾಗಿ, ಆಮೇಲೆ ನನ್ನ ಕಡೆ ಸರಿಸಿ, ‘ಬಿಸಿ ಅದ, ಕುಡಿ’ ಎನ್ನುತ್ತಿದ್ದರು. ಹೊಸದಾಗಿ ಬಂದ ಮಾಸ್ತರೊಬ್ಬರು ಇದನ್ನು ನೋಡಿ ಮುಸಿಮುಸಿ ನಕ್ಕರು. ನಾನು ಅವರನ್ನು ಒಂದು ವಾರ ಮಾತಾಡಿಸಲಿಲ್ಲ.

ಪಾಠದಲ್ಲಿ ಮಾತ್ರ ಅವರ ದನಿಯೇ ಬೇರೆ. ‘ಆತು, ಮುಂದ?’ ಎನ್ನುವುದು ಅವರ ಪಲ್ಲವಿ. ಹುಡುಗಿಯರು ದಿನಾಂಕ ತಪ್ಪಿದರೂ ಆತು, ಮುಂದ. ಬೆಳಿಗ್ಗೆ ಬಸ್ಸು ಕೆಟ್ಟು ನಾವು ರಸ್ತೆ ಬದಿಯ ತೊಗರಿ ಹೊಲದ ಹತ್ತಿರ ಒಂದು ತಾಸು ನಿಂತರೂ ಆತು, ಮುಂದ. ನಿಜಾಮರ ಕಾಲದ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಡುತ್ತಿದ್ದರು. ಹೈದರಾಬಾದಿನಲ್ಲಿ ಗುಡ್ಡದ ಮೇಲೊಂದು ಅರಮನೆಯಿದೆ, ಈಗ ಅದು ದೊಡ್ಡ ಹೋಟೆಲು, ಗೇಟಿನಿಂದ ಬಾಗಿಲವರೆಗೆ ಕುದುರೆಗಾಡಿಯಲ್ಲಿ ಕರೆದೊಯ್ಯುತ್ತಾರೆ, ಊಟದ ಮೇಜು ನಮ್ಮ ಶಾಲೆಯ ವರಾಂಡಕ್ಕಿಂತ ಉದ್ದ ಎಂದು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಕಂಡಿರಲಿಲ್ಲ. ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿದ ಬಣ್ಣದ ಚಿತ್ರವೊಂದನ್ನು ಸ್ಟಾಫ್ ರೂಮಿನ ತಮ್ಮ ಕಪಾಟಿನ ಬಾಗಿಲಿಗೆ, ಒಳಗಡೆ, ಅಂಟಿಸಿದ್ದರು. ಚಿತ್ರದಲ್ಲಿ ಅರಮನೆಯ ಮುಂಭಾಗವಿರಲಿಲ್ಲ. ಒಂದು ಎತ್ತರದ ಮಂಚ, ಪಕ್ಕದ ಕಿಟಕಿಯಿಂದ ಬಿಸಿಲು, ಹಾಸಿಗೆಯ ಮೇಲೆ ಬೆಳ್ಳಿ ತಾಟಿನಲ್ಲಿ ಚಹಾದ ಕಿತ್ತಲಿ.

‘ಒಂದು ಮುಂಜಾನಿ ಸಾಕು ನನಗ’ ಎಂದು ಒಮ್ಮೆ ಕಪಾಟಿಗೆ ಬೀಗ ಹಾಕುತ್ತ ಹೇಳಿದರು. ‘ನಾ ಹಾಸಿಗ್ಯಾಗ ಕುಂತಿರ್ಬೇಕು. ಮಾರಿ ಸುದ್ದಾ ತೊಳಕೊಂಡಿರಬಾರದು. ಯಾರರೆ ಬಾಗಲಾ ಬಡದು ಚಾ ತಂದು ಕೊಡಬೇಕು. ನಾ ಮಾಡಿರಬಾರದು, ಅಷ್ಟ.’

ಮಾರನೆಯ ದಿನ ಬಸ್ಸಿನಲ್ಲಿ, ‘ನಿನ್ನಿ ಹೇಳಿದ್ದು ಯಾರ ಮುಂದೂ ಆಡಬ್ಯಾಡ. ಹುಚ್ಚಿ ಅಂತಾರ’ ಎಂದರು.

ನಾನು ಎಲ್ಲರ ಮುಂದೆಯೂ ಆಡಿದೆ. ಅವರ ನಿವೃತ್ತಿ ಹತ್ತಿರ ಬಂದಾಗ ಹೆಡ್ ಮಾಸ್ತರು ಶಾಲು, ಹಾರ, ಗೋಡೆ ಗಡಿಯಾರದ ಮಾತೆತ್ತಿದರು. ನಾನು ಎದ್ದು ನಿಂತು ಕಪಾಟಿನ ಚಿತ್ರದ ಕಥೆ ಹೇಳಿದೆ. ಒಬ್ಬರೂ ನಗಲಿಲ್ಲ. ಎಲ್ಲರೂ ಸೇರಿ ಆ ಅರಮನೆಯಲ್ಲಿ ಒಂದು ದಿನದ ಕೋಣೆ ಹಿಡಿಯುವುದು, ಜೊತೆಗೆ ನಾನು ಹೋಗುವುದು ಎಂದಾಯಿತು. ದಿನ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಏಕಾದಶಿಯ ದಿನ ಬಾಯಿಯವರು ತೊಟ್ಟು ನೀರೂ ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಸ್ಟಾಫ್ ರೂಮಿನ ಗೋಡೆಯ ಕ್ಯಾಲೆಂಡರ್ ತಿರುವಿ, ಏಕಾದಶಿ ಶುಕ್ರವಾರ ಇರುವುದನ್ನು ಎರಡೆರಡು ಸಲ ನೋಡಿ, ಶನಿವಾರಕ್ಕೆ ಕೋಣೆ ಹಿಡಿದೆ. ಎಷ್ಟು ಜಾಣೆ ನಾನು ಎಂದು ಹೆಮ್ಮೆ ಬೇರೆ. ಕೆಲವು ಸಲ ಮಠದ ಪಂಚಾಂಗದಲ್ಲಿ ಏಕಾದಶಿ ಕ್ಯಾಲೆಂಡರಿಗಿಂತ ಒಂದು ದಿನ ಮುಂದಕ್ಕೆ ಹೋಗುತ್ತದೆ ಎಂಬುದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ.

ದಿನ ಹೇಳಿದಾಗ ಬಾಯಿಯವರು ಬೆರಳ ಗೆಣ್ಣು ಎಣಿಸಿದರು. ಆಮೇಲೆ ನನ್ನ ಕೈ ಹಿಡಿದು, ‘ಶನಿವಾರ ಛಲೋ ಅದ’ ಎಂದರು. ನಾನದನ್ನು ಸಂತೋಷ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಬಾಡಿಗೆ ಕಾರು ಬ್ರಹ್ಮಪುರಕ್ಕೆ ಹೋದಾಗ ಅವರು ಹೊಸ ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲೊಂದು ಬುಟ್ಟಿ. ಬುಟ್ಟಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಯಾಕೆಂದು ಕೇಳಿದರೆ, ‘ಮಂದಿ ಮನಿಗೆ ಉಳ್ಕೊಳಾಕ ಹೊಂಟೀವಿ, ಬರಿಗೈಲೆ ಹೋಗೂದೇನ?’ ಎಂದರು. ಅದು ಹೋಟೆಲು, ಅಲ್ಲಿ ಯಾರೂ ಹಾಗೆ ಒಯ್ಯುವುದಿಲ್ಲ ಎಂದು ನಾನು ಹುಮನಾಬಾದಿನವರೆಗೂ ಹೇಳಿದೆ. ಅವರು ಬುಟ್ಟಿ ತೊಡೆಯ ಮೇಲಿಂದ ಇಳಿಸಲಿಲ್ಲ. ಆ ದಿನ ಕಾರಿನಲ್ಲಿ ನಿದ್ದೆಯನ್ನೂ ಮಾಡಲಿಲ್ಲ. ತುಟಿ ಒಣಗಿದಂತೆ ಕಂಡಿತು. ಗಾಳಿಗೆ ಇರಬೇಕು ಎಂದುಕೊಂಡೆ.

ಕುದುರೆಗಾಡಿ ಬಂತು. ಬುಟ್ಟಿಯ ಸಮೇತ ಹತ್ತಿದರು. ಅರಮನೆಯ ಮೆಟ್ಟಿಲು ಹತ್ತುವಾಗ ಮೇಲಿಂದ ಗುಲಾಬಿ ಪಕಳೆ ಸುರಿದರು. ಬಾಯಿಯವರು ತಲೆ ಬಗ್ಗಿಸಿ ನಿಂತು, ‘ದೇವ್ರಿಗೆ ಸುದ್ದಾ ಇಷ್ಟು ಹೂವು ಏರಿಸಿಲ್ಲ ನಾ’ ಎಂದು ಮೆಲ್ಲಗೆ ಹೇಳಿದರು. ಬಾಗಿಲಲ್ಲಿ ನಿಂತ ಹಿರಿಯ ನೌಕರರೊಬ್ಬರಿಗೆ ಬುಟ್ಟಿ ಒಪ್ಪಿಸಿ, ‘ಹಮಾರೆ ತರಫ್ ಕಾ ಕೇಲಾ ಹೈ, ಘರ್ ಮೇ ಸಬ್ ಖಾನಾ’ ಎಂದರು, ನಮ್ಮ ಕಡೆಯ ಹಣ್ಣು, ಮನೆಯವರೆಲ್ಲ ತಿನ್ನಿ ಎಂದು. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಆ ಮನುಷ್ಯ ಬುಟ್ಟಿಯನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡರು. ಈಗ ನನಗೆ ನಾಚಿಕೆಯಾಗುವುದು ನನ್ನ ಆ ನಾಚಿಕೆಯ ಬಗ್ಗೆ.

ಕೋಣೆಯ ಮಂಚ ಚಿತ್ರದಲ್ಲಿದ್ದಷ್ಟೇ ಎತ್ತರ. ಬಾಯಿಯವರು ಹತ್ತಿ ಕೂತರೆ ಕಾಲು ನೆಲಕ್ಕೆ ಮುಟ್ಟಲಿಲ್ಲ. ಅರವತ್ತು ತುಂಬಿದ ಹೆಂಗಸು ಕಾಲು ತೂಗಾಡಿಸುತ್ತ ಕೂತು ಕೋಣೆಯನ್ನೆಲ್ಲ ನೋಡಿ, ‘ಒಲಿ ಎಲ್ಲೂ ಕಾಣ್ಸೂದಿಲ್ಲ ನೋಡು’ ಎಂದರು. ಅರಮನೆ ತೋರಿಸಲು ಬಂದವನು ಗ್ರಂಥಾಲಯ, ದರ್ಬಾರು, ಉದ್ದನೆಯ ಊಟದ ಮೇಜು ಎಲ್ಲ ತೋರಿಸಿದ. ಅಡುಗೆಮನೆ ಎಲ್ಲಿದೆ ಎಂದು ಬಾಯಿಯವರು ಕೇಳಿದರು. ಅದನ್ನು ತೋರಿಸುವುದಿಲ್ಲ ಎಂದ. ‘ಛಲೋ ಆತು’ ಎಂದು ನಕ್ಕರು. ಅಷ್ಟು ಹಗುರವಾಗಿ ಅವರು ನಕ್ಕದ್ದನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು.

ಸಂಜೆ ಐದಕ್ಕೆ ಮೇಲಿನ ಬಿಸಿಲುಮಚ್ಚಿನಲ್ಲಿ ಚಹಾ ಬಂತು. ಕೆಳಗೆ ಇಡೀ ಹೈದರಾಬಾದು ಹರಡಿತ್ತು. ಅಪ್ಪಟ ಬೆಳ್ಳಿಯ ಕಿತ್ತಲಿ. ಬಡಿಸುವವನು ಇಬ್ಬರ ಬಟ್ಟಲಿಗೂ ಹಾಕಿ ಹೋದ. ಬಾಯಿಯವರು ಬಟ್ಟಲು ಎತ್ತಿಕೊಂಡರು. ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದರು.

‘ಇವತ್ತ ನಮ್ಮ ಪಂಚಾಂಗದಾಗ ಏಕಾದಶಿ.’

‘ಬಾಯಿಯವ್ರ, ನಾ ಕ್ಯಾಲೆಂಡರ್ ನೋಡಿದ್ನಲ್ರಿ.’

‘ನೀ ನೋಡಿದ್ದು ತಪ್ಪಲ್ಲ. ಅದರಾಗ ನಿನ್ನಿ ಇತ್ತು. ನಾನೂ ನಿನ್ನಿನ ಮಾಡಿಬಿಟ್ಟೀನಿ. ಹೊಟ್ಟಿ ನೆಟ್ಟಗಿಲ್ಲ ಅಂತ ಇವ್ರಿಗೆ ಹೇಳ್ದೆ. ದೇವ್ರಿಗೆ ಎರಡೂ ಪಂಚಾಂಗ ಗೊತ್ತಿರ್ತಾವ.’

ಗುರುವಾರ ರಾತ್ರಿಯಿಂದ ಅವರ ಬಾಯಿಗೆ ನೀರು ಬಿದ್ದಿರಲಿಲ್ಲ. ಶುಕ್ರವಾರ ರಾಯರಿಗೆ ಅಡುಗೆ ಮಾಡಿ ಹಾಕಿ ತಾವು ಉಪವಾಸ ಇದ್ದರು. ಶನಿವಾರ ಮನೆಯಲ್ಲಿ ಏಕಾದಶಿ, ಒಲೆಯೇ ಹೊತ್ತಲಿಲ್ಲ. ‘ಈ ಚಾನ ನನ್ನ ಪಾರಣಿ. ಇದು ಇವತ್ತಿಂದು. ನಾಳೆ ಮುಂಜಾನಿದು ಬ್ಯಾರೆ’ ಎಂದರು. ಭಾನುವಾರದ ದ್ವಾದಶಿಗೆ ರಾಯರು ಬೆಳಿಗ್ಗೆ ಏಳರೊಳಗೆ ಉಪವಾಸ ಬಿಡಬೇಕು. ಮಠದಲ್ಲಿ ಎಲ್ಲರಿಗೂ ಊಟ ಇರುತ್ತದೆ, ಅಲ್ಲಿಗೆ ಹೋಗಿರಿ ಎಂದು ಹೇಳಿ ಬಂದಿದ್ದರು. ‘ಹೂಂ ಅಂದಾರ’ ಎಂದರು.

ಬಟ್ಟಲು ತುಟಿಯ ಹತ್ತಿರ ಹೋಯಿತು. ಆಗ ಫೋನು ಬಂತು.

ಅವರ ಫೋನಿನ ದನಿ ಜೋರು. ಪಕ್ಕದಲ್ಲಿದ್ದ ನನಗೆ ಎಲ್ಲ ಕೇಳಿಸಿತು.

‘ಮುಟ್ಟಿದ್ರೇನು? ಅರಮನಿ ಛಲೋ ಅದೇನು?’ ರಾಯರ ದನಿ.

‘ಅದರಿ.’

‘ಬಾಯಿ ಒಣಗ್ಯದೇನು? ಊರು ಬಿಟ್ಟು ಹೋದಾಗ ಏಕಾದಶಿ ಭಾಳ ತ್ರಾಸು.’

‘ಇಲ್ರಿ. ಆರಾಮಿದ್ದೀನಿ.’

‘ನಾಳೆ ಪಾರಣಿ ಏಳರ ಒಳಗ ಅದ.’

‘ಮಠಕ್ಕ ಹೋಗ್ರಿ ಅಂತ ಹೇಳಿದ್ನಲ್ರಿ.’

ಆ ಕಡೆ ಅದೇ ಮೆತ್ತಗಿನ ದನಿ. ‘ಮಠದ್ದು ನನಗ ಒಗ್ಗೂದಿಲ್ಲ, ನಿನಗ ಗೊತ್ತದ. ಇರ್ಲಿ ಬಿಡು. ತೀರ್ಥ ತಗೊಂಡು ಪಾರಣಿ ಮುಗಿಸ್ತೀನಿ. ನೀ ಬಂದ ಮ್ಯಾಲ ಉಂಡ್ರಾತು. ನೀ ಆರಾಮಿರು.’

ಫೋನು ಇಟ್ಟ ಮೇಲೆ ಬಾಯಿಯವರು ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತರು. ಸ್ಟಾಫ್ ರೂಮಿನಲ್ಲಿ ಕೂಡುತ್ತಿದ್ದ ಹಾಗೇ. ಆವಿ ಅವರ ಮುಖಕ್ಕೆ ಬರುತ್ತಿತ್ತು. ಕೊನೆಗೆ ಬಟ್ಟಲನ್ನು ನನ್ನ ಕಡೆ ಸರಿಸಿ, ‘ಬಿಸಿ ಅದ, ಕುಡಿ’ ಎಂದು ಎದ್ದರು.

ನಾನು ಬಿಡಲಿಲ್ಲ. ಒಂದೇ ಒಂದು ಮುಂಜಾನೆ ಎಂದೆ. ಕಾರು ಕೆಟ್ಟಿದೆ ಎಂದು ನಾನೇ ರಾಯರಿಗೆ ಹೇಳುತ್ತೇನೆ ಎಂದೆ.

‘ಅವ್ರು ನಂಬ್ತಾರವ್ವಾ. ಅದ ತ್ರಾಸು.’

‘ಅವರು ಸಿಟ್ಟಾಗೂದಿಲ್ಲಲ್ರಿ ಬಾಯಿಯವ್ರ. ಆರಾಮಿರು ಅಂದಾರಲ್ರಿ.’

‘ಸಿಟ್ಟು ಮಾಡಿದ್ರ ನಾ ಇಲ್ಲೇ ಇರ್ತಿದ್ದೆ’ ಎಂದರು. ‘ಬೈದಿದ್ರ ಹಟಕ್ಕರೆ ಇರ್ತಿದ್ದೆ. ಅವ್ರು ಬೈಯೂದಿಲ್ಲ. ನಾ ಏನ್ ಮಾಡ್ಲಿ ಹೇಳು.’

ಆರೂವರೆಗೆ ಕಾರು ಹತ್ತಿದೆವು. ಮಂಚದ ಮೇಲಿನ ಹಾಸು ಅವರು ಕೂತಷ್ಟೇ ಜಾಗದಲ್ಲಿ ಸುಕ್ಕುಗಟ್ಟಿತ್ತು. ಹೊರಡುವಾಗ ಅದನ್ನೂ ಕೈಯಿಂದ ಸವರಿ ಸರಿಮಾಡಿದರು. ಜಹೀರಾಬಾದು ದಾಟಿದ ಮೇಲೆ ಒಮ್ಮೆ ಬಾಯಿ ತೆರೆದರು. ‘ಸಾಲ್ಯಾಗ ಕೇಳಿದ್ರ ಮುಂಜಾನಿ ಚಾ ಬಂತು ಅಂತ ಹೇಳು. ಪಾಪ, ಎಲ್ಲಾರೂ ಪ್ರೀತಿಲೆ ಕಳಿಸ್ಯಾರ.’ ಆಮೇಲೆ ನನ್ನ ಹೆಗಲಿಗೆ ವಾಲಿ ನಿದ್ದೆ ಹೋದರು. ಎರಡು ದಿನದ ಉಪವಾಸದ ಮೇಲೆ ಅದನ್ನು ನಿದ್ದೆ ಅನ್ನಬೇಕೋ ಏನೋ. ನಾನು ಎರಡು ಸಲ ಮೂಗಿನ ಹತ್ತಿರ ಕೈಯಿಟ್ಟು ನೋಡಿದೆ.

ಭಾನುವಾರ ಏಳರೊಳಗೆ ರಾಯರ ಪಾರಣೆ ಆಯಿತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿಯದೊಂದು, ಎಲ್ಲ ಕ್ರಮದಂತೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಸುತ್ತ ಕೂತರು. ನಾನು ಆ ಮುಂಜಾನೆಯನ್ನು ವರ್ಣಿಸಿದೆ. ಬಾಗಿಲು ಬಡಿದದ್ದು, ಬೆಳ್ಳಿ ತಾಟು, ಬಾಯಿಯವರು ಮುಖ ಕೂಡ ತೊಳೆಯದೆ ಹಾಸಿಗೆಯಲ್ಲಿ ಕೂತು ಎರಡು ಬಟ್ಟಲು ಕುಡಿದದ್ದು. ಹೆಡ್ ಮಾಸ್ತರು ಕಣ್ಣೊರೆಸಿಕೊಂಡರು. ನಾನು ಗಣಿತದವಳು, ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನೊಮ್ಮೆ ಹೋಗೋಣ ಎಂದು ನಾನು ಬೆನ್ನು ಹತ್ತಿದೆ. ಈ ಸಲ ಮಠದ ಪಂಚಾಂಗವನ್ನೇ ಕೊಂಡು ತಂದೆ. ಹೋದಾಗಲೆಲ್ಲ ಏನಾದರೊಂದು. ಚಾತುರ್ಮಾಸ ಮುಗಿಯಲಿ, ಪಕ್ಷಮಾಸ ಕಳೆಯಲಿ, ಮಾವನವರ ಶ್ರಾದ್ಧ ಆಗಲಿ. ಒಂದು ಸಲ ಏನೂ ಅಡ್ಡ ಇರಲಿಲ್ಲ. ನಾನು ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದೆ. ಅವರು ಪಂಚಾಂಗ ಮುಚ್ಚಿ, ‘ಆತು ಬಿಡು’ ಎಂದರು. ‘ಮುಂದ?’ ಎನ್ನಲಿಲ್ಲ. ಅದು ನನಗೆ ಅವತ್ತೇ ತಿಳಿಯಬೇಕಿತ್ತು.

ನಿವೃತ್ತಿಯಾದ ಎರಡನೇ ವರ್ಷ, ಬೆಳಿಗ್ಗೆ ಐದಕ್ಕೆ, ಒಲೆಯ ಮೇಲೆ ಬೇಳೆ ಇಟ್ಟು ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಬೇಳೆ ಸೀದ ವಾಸನೆ ಬಂದ ಮೇಲೆ ರಾಯರು ಒಳಗೆ ಹೋಗಿ ನೋಡಿದರಂತೆ.

ಎರಡು ತಿಂಗಳು ನಾನು ಬ್ರಹ್ಮಪುರದ ಕಡೆ ಸುಳಿಯಲಿಲ್ಲ. ಶಾಲೆಯಲ್ಲಿ ಅಲ್ಲಿವರೆಗೆ ಖಾಲಿ ಉಳಿದಿದ್ದ ಅವರ ಕಪಾಟನ್ನು ಬೇರೆಯವರಿಗೆ ಕೊಡುವಾಗ ಬಾಗಿಲಿನ ಚಿತ್ರವನ್ನು ಜೋಪಾನವಾಗಿ ಬಿಡಿಸಿ ಇಟ್ಟುಕೊಂಡೆ. ಅದನ್ನು ರಾಯರ ಮುಂದಿಟ್ಟು, ಆ ಶನಿವಾರದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿ ಬರಬೇಕು ಎಂದು ನಿಶ್ಚಯಿಸಿದೆ. ಅವರು ಅತ್ತರೂ ಸರಿ. ಅಳಲಿ ಎಂದೇ ನನಗೆ ಇತ್ತು. ಒಂದು ಭಾನುವಾರ ಬೆಳಿಗ್ಗೆ ಹೋದೆ.

ರಾಯರು ಬಾಗಿಲು ತೆರೆದು, ‘ಬರ್ರಿ, ಕೂಡ್ರಿ’ ಎಂದರು. ಇಳಿದುಹೋಗಿದ್ದಾರೆ ಎಂದುಕೊಂಡು ಬಂದಿದ್ದೆ, ಹಾಗೇನೂ ಇರಲಿಲ್ಲ. ಊಟಕ್ಕೆ ಹೇಗೆ ಮಾಡುತ್ತೀರಿ ಎಂದು ಕೇಳಿದೆ.

‘ಮಠದಾಗ ಆಗ್ತದರಿ. ದಿನಾ ಹನ್ನೆರಡಕ್ಕ ಹೋಗ್ತೀನಿ.’

‘ಒಗ್ಗತದೇನ್ರಿ?’

‘ಒಗ್ಗತದ. ಸಾರು ಭಾಳ ಛಲೋ ಮಾಡ್ತಾರ.’ ಅಡುಗೆಮನೆಯ ಕಡೆ ನೋಡಿ ಹೇಳಿದರು. ‘ಇಕಿಗೂ ಒಮ್ಮೆ ಕರ್ಕೊಂಡು ಹೋಗಿ ಉಣಿಸಬೇಕಿತ್ತು.’

ಚಿತ್ರ ನನ್ನ ಚೀಲದಲ್ಲಿತ್ತು. ನಾನು ಅದಕ್ಕೆ ಕೈ ಹಾಕುವಷ್ಟರಲ್ಲಿ ಅವರು ಎದ್ದು ಒಳಗೆ ಹೋದರು. ಒಲೆ ಹೊತ್ತಿದ ಸಪ್ಪಳ, ಪಾತ್ರೆಯ ಸಪ್ಪಳ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಸಣ್ಣ ತಾಟಿನಲ್ಲಿ ಒಂದು ಲೋಟ ಚಹಾ ಇಟ್ಟುಕೊಂಡು ಬಂದರು. ನಾಚಿಕೊಂಡ ಮುಖ.

‘ನಾನ ಮಾಡೀನಿ. ಮೊದ್ಲು ಭಾಳ ಅವಘಡದ ಕೆಲಸ ಇರ್ತದ ಅಂತ ತಿಳ್ಕೊಂಡಿದ್ದೆ. ಏನಿಲ್ರಿ. ನಾಕು ದಿನದಾಗ ಬಂತು.’

ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ. ಚಿತ್ರ ಚೀಲದಲ್ಲೇ ಉಳಿಯಿತು. ಹೇಳಿ ಏನು ಮಾಡುವುದಿತ್ತು? ಅವರು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ಹೇಗಾಗಿದೆ ಎಂದು ಹೇಳಲಿ ಎಂದು.

‘ಬಿಸಿ ಅದ, ಕುಡೀರಿ’ ಎಂದರು.

ಕುಡಿದೆ. ಚಹಾ ಚೆನ್ನಾಗಿತ್ತು.